ಹಿತ್ತಾಳೆ ಬಿಲ್ಲೆಯ ಅಕ್ಷರಗಳು

ಹೊಸಪೇಟೆಯಂಥ ಹಳೆಯ ಮೀಟರ್‌ಗೇಜ್ ನಿಲ್ದಾಣಗಳ ಪರಿಸರದಲ್ಲಿ, ಅಂದರೆ ಹಳಿಗಳ ನಡುವೆ ಒಂದು ಮೀಟರಿನಷ್ಟೇ ಅಂತರವಿದ್ದ ದಾರಿಯ ಬದಿಯಲ್ಲಿ, ಲೋಹಶೋಧಕಕ್ಕೆ ಸಿಗಬಹುದಾದ ಸಮವಸ್ತ್ರದ ಗುಂಡಿ, ಹಮಾಲರ ತೋಳಿನ ಬಿಲ್ಲೆ ಮೊದಲಾದವು ತಮ್ಮ ಕಾಲವನ್ನು ಅಕ್ಷರಗಳಲ್ಲಿಯೇ ಹೊತ್ತಿರುತ್ತವೆ. ‘ಎಸ್.ಎಂ.ಆರ್.’ ಎಂದಿದ್ದರೆ ಅದು 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯದು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿದ ಮೇಲೆ ‘ಎಂ.ಎಸ್.ಎಂ.’ ಬಂದಿತು, 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ರಚನೆಯಾದಾಗ ಆ ಹೆಸರೂ ಮರೆಯಾಯಿತು. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ್ದರಿಂದ ಕಬ್ಬಿಣದಂತೆ ತುಕ್ಕು ಹಿಡಿಯದೆ, ಮೇಲೆ ಹಸಿರು ಪದರ ಕಟ್ಟಿ, ಅಚ್ಚೊತ್ತಿದ ಗೆರೆಗಳನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಳಪು ಬಂದರೂ ಆ ಸಾಕ್ಷ್ಯ ಸವೆಯುತ್ತದೆ. ಅನಾಮಿಕ ಕೆಲಸಗಾರನ ಮೈಮೇಲಿದ್ದ ಇಂಥ ಸಣ್ಣ ವಸ್ತುವಿಗೂ ಅಷ್ಟು ಸ್ಫುಟವಾದ ಅಕ್ಷರ ಕೊಟ್ಟ ಅಚ್ಚುಗಾರರ ಕೈಚಳಕ ನಿಜಕ್ಕೂ ಗೌರವಾರ್ಹ. ಆದರೆ ಇವನ್ನು ಹುಡುಕುತ್ತ ಎಲ್ಲೆಂದರಲ್ಲಿ ಅಗೆಯುವಂತಿಲ್ಲ; ಹೊಸಪೇಟೆಯ ಸಮೀಪದ ಹಂಪಿಯ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಅನುಮತಿಯಿಲ್ಲದೆ ನೆಲ ಅಗೆಯುವುದು ಕಾನೂನುಬಾಹಿರ.