ಕಲ್ವದ ಉಸಿರು

ಮೀನಾಗಲಿ ಮಾಂಸವಾಗಲಿ ನಮ್ಮ ಅಡುಗೆಮನೆಯ ಹೊಸ್ತಿಲನ್ನು ದಾಟುವ ವೇಳೆಗೆ ಪ್ರಾಣವನ್ನು ತೊರೆದಿರುತ್ತದೆ. ಗ್ರಂಥಗಳು ಸಿಂಪಿಯೆಂದೂ ಕಾರವಾರ-ಕುಮಟೆಯ ಜನರು ಕಲ್ವವೆಂದೂ ಕರೆಯುವ ಈ ಜೀವಿಯಾದರೋ, ಬಂಡೆಯಿಂದ ಕೀಳಲ್ಪಟ್ಟು, ಬುಟ್ಟಿಗೆ ಬಿದ್ದು, ಪೇಟೆಯನ್ನು ಹಾದು, ಚೀಲದಲ್ಲಿ ಕುಲುಕಾಡಿ ಮನೆಗೆ ಬಂದ ಮೇಲೆಯೂ ತನ್ನ ಎರಡು ಚಿಪ್ಪುಗಳ ನಡುವೆ ಒಂದು ಗುಟುಕು ಉಪ್ಪುನೀರನ್ನು ಬಿಗಿಹಿಡಿದು ಬದುಕಿಯೇ ಇರುತ್ತದೆ. ಕಲ್ವವನ್ನು ಮನೆಯಲ್ಲಿ ಇರಿಸಿಕೊಳ್ಳುವ ವಿದ್ಯೆಯೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದುದು. ಅದು ಜೀವಂತವಾಗಿರುವಷ್ಟು ಹೊತ್ತು ತಾಜಾ; ಸತ್ತ ಗಳಿಗೆಯಿಂದ ಅದು ಆಹಾರವಲ್ಲ.

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಘಟ್ಟವನ್ನಿಳಿದು, ತದಡಿಗೂ ಅಘನಾಶಿನಿ ಎಂಬ ಊರಿಗೂ ನಡುವೆ ಕಡಲನ್ನು ಸೇರುವ ಅಘನಾಶಿನಿ ನದಿಯ ಅಳಿವೆಯನ್ನು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ಜಲಪ್ರದೇಶವನ್ನು, ಇಳಿತದ ಹೊತ್ತಿನಲ್ಲಿ ನೋಡಬೇಕು. ಸೊಂಟಮಟ್ಟದ ನೀರಿನಲ್ಲಿ ನಿಂತ ಹೆಂಗಸರು ಉಸುಕಿನಿಂದ ಬಳಚೆಂಬ ಚಿಪ್ಪುಜೀವಿಯನ್ನು ಬರಿಗೈಯಲ್ಲಿ ಹೆಕ್ಕುತ್ತಿರುತ್ತಾರೆ. ಕಲ್ವವು ಬಂಡೆಗೆ ಬೆಸೆದಂತೆ ಅಂಟಿರುವುದರಿಂದ ಅದನ್ನು ಕಬ್ಬಿಣದಿಂದ ಬಡಿದೇ ಎಬ್ಬಿಸಬೇಕು. ಅಲ್ಲಿ ನನಗೆ ಒಂದು ಚೀಲ ಕಲ್ವವನ್ನು ಅಳೆದುಕೊಟ್ಟ ಮುದುಕಿ, "ತಮ್ಮಾ, ಇದಕ್ಕೆ ಸಿಹಿನೀರು ತೋರ್ಸ್ಬೇಡ, ಸತ್ತು ಹೋಗ್ತದೆ" ಎಂದಳು. ಆ ಮಾತನ್ನು ನಾನು ಬೆಂಗಳೂರಿನ ಬಂಧುಗಳ ಮನೆಯಲ್ಲಿ ಹೇಳಲು ಮರೆತೆನು. ಜಲಚರವಲ್ಲವೆ, ನೀರಿನಲ್ಲಿದ್ದರೆ ಸುಖವಾಗಿದ್ದೀತೆಂದು ಅತ್ತಿಗೆಯವರು ವಾತ್ಸಲ್ಯದಿಂದಲೇ ಅವನ್ನೆಲ್ಲ ನಲ್ಲಿಯ ನೀರಿನ ಬಕೆಟ್ಟಿಗೆ ಸುರಿದರು. ಎರಡನೆಯ ದಿನ ಬೆಳಿಗ್ಗೆ ಚಿಪ್ಪುಗಳು ಬಾಯಿಬಿಟ್ಟಿದ್ದವು. ಅಷ್ಟನ್ನೂ ಮಣ್ಣಿನಲ್ಲಿ ಹೂಳಬೇಕಾಯಿತು. ಸಿಹಿನೀರು ಸೋಕಿದೊಡನೆ ಕಲ್ವವು ಬಾಯಿ ಮುಚ್ಚಿಕೊಂಡು ತಡೆಯುತ್ತದೆ. ತಡೆಯಲಾರದೆ ತೆರೆದಾಗ ಉಪ್ಪಿಲ್ಲದ ಆ ನಿಂತ ನೀರಿನಲ್ಲಿ ಉಸಿರಿಗೂ ಆಸರೆಯಿಲ್ಲದೆ ಸಾಯುತ್ತದೆ.

ಹಾಗಾದರೆ ಇಡುವ ಬಗೆ ಹೇಗೆ? ಅಗಲವಾದ ತಟ್ಟೆಯಲ್ಲಿ, ಗುಣಿಯಾದ ಚಿಪ್ಪು ಕೆಳಗೂ ಚಪ್ಪಟೆಯಾದುದು ಮೇಲೂ ಬರುವಂತೆ ಅವನ್ನು ಸಾಲಾಗಿ ಮಲಗಿಸಿದರೆ ಒಳಗಿನ ಉಪ್ಪುರಸವು ಸೋರಿಹೋಗದು. ಮೇಲೆ ಒದ್ದೆಬಟ್ಟೆಯೊಂದನ್ನು ಹಿಂಡಿ ಹೊದಿಸಿ, ಫ್ರಿಜ್ಜಿನಲ್ಲಿ 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ, ಬೇಯಿಸಿದ ಪದಾರ್ಥಗಳಿಗೆ ನೀರು ತೊಟ್ಟಿಕ್ಕದಂತೆ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಇಡತಕ್ಕದ್ದು. ಮುಚ್ಚಳ ಬಿಗಿದ ಡಬ್ಬಿಯಾಗಲಿ ಗಂಟುಹಾಕಿದ ಪ್ಲಾಸ್ಟಿಕ್ ಚೀಲವಾಗಲಿ ಸಲ್ಲದು, ಉಸಿರುಕಟ್ಟಿ ಸಾಯುತ್ತವೆ. ಪ್ರಯಾಣದಲ್ಲಿ ಮಂಜುಗಡ್ಡೆಯನ್ನು ಬಳಸುವುದಾದರೆ ಕರಗಿದ ನೀರು ಹರಿದುಹೋಗಲು ದಾರಿಯಿರಬೇಕು. ಇಲ್ಲವಾದರೆ ಆ ಬಕೆಟ್ಟಿನ ಕಥೆಯೇ. ತಣ್ಣನೆಯ ದೇಶಗಳಲ್ಲಿ ಒಂದು ವಾರದವರೆಗೂ ಇಡುವುದುಂಟು. ನಮ್ಮ ಸೆಕೆಯಲ್ಲಿ ಹಿಡಿದು ತಂದುದನ್ನು ನಾನು ಎರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ.

ತೆರೆಯುವ ಮುನ್ನ ಪರೀಕ್ಷೆ. ತುಸು ಬಾಯಿಬಿಟ್ಟಿರುವ ಕಲ್ವವನ್ನು ಬೆರಳಿನಿಂದ ತಟ್ಟಿದರೆ, ಬದುಕಿದ್ದ ಪಕ್ಷದಲ್ಲಿ ಅದು ನಿಧಾನವಾಗಿಯಾದರೂ ಮುಚ್ಚಿಕೊಳ್ಳುವುದು. ಮುಚ್ಚದಿದ್ದುದನ್ನೂ ಚಿಪ್ಪು ಒಡೆದುದನ್ನೂ ಮರುಮಾತಿಲ್ಲದೆ ಎಸೆಯಬೇಕು. ಅನಂತರವೇ ಹರಿಯುವ ನೀರಿನಲ್ಲಿ ಗಟ್ಟಿ ಬ್ರಷ್ಷಿನಿಂದ ಕೆಸರನ್ನು ಉಜ್ಜಿ ತೊಳೆಯುವುದು. ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಎಡಗೈಯಲ್ಲಿ ಕಲ್ವವನ್ನು ಒತ್ತಿಹಿಡಿದು, ಮೊಂಡಾದ ಗಿಡ್ಡ ಚೂರಿಯ ತುದಿಯನ್ನು ಚಿಪ್ಪುಗಳೆರಡೂ ಕೂಡುವ ಕೀಲಿಗೆ ಊರಿ, ಬಲವನ್ನು ಹಾಕದೆ ಬೀಗದಕೈಯನ್ನು ತಿರುಗಿಸುವಂತೆ ತಿರುವಿದರೆ, ಟಕ್ಕೆಂಬ ಸಣ್ಣ ಸದ್ದಿನೊಂದಿಗೆ ಅದು ಸಡಿಲುತ್ತದೆ; ಮೇಲಿನ ಚಿಪ್ಪಿನ ಒಳಮೈಗೆ ತಾಗಿಸಿಯೇ ಚೂರಿಯನ್ನು ಸರಿಸಿ ಹಿಡಿತದ ಸ್ನಾಯುವನ್ನು ಕೊಯ್ದಾಗ, ಮುತ್ತಿನ ಹೊಳಪಿನ ಬಟ್ಟಲಿನಲ್ಲಿ, ತಿಳಿಯಾದ ರಸದ ನಡುವೆ, ಕೆನೆಬಣ್ಣದ ತುಂಬುಮೈ ಕಾಣಿಸುತ್ತದೆ. ಅದರಿಂದ ಕಡಲಗಾಳಿಯ ವಾಸನೆಯಲ್ಲದೆ ಬೇರೇನೂ ಬರಕೂಡದು. ರಸವು ಬತ್ತಿದ್ದರೂ, ಹುಳಿತ ನಾತವು ಎಳ್ಳಷ್ಟು ಸುಳಿದರೂ ಬಿಸುಡುವುದೇ ಸರಿ. ಕೈಯಲ್ಲಿ ಗಾಯವಿರುವವರು ಕೈಗವಸಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು; ಉಪ್ಪುನೀರಿನ ರೋಗಾಣುಗಳು ಗಾಯದ ಮೂಲಕವೂ ದೇಹವನ್ನು ಹೊಗುತ್ತವೆ.

ಇಷ್ಟಾದರೂ ಒಂದು ಮಾತು ಉಳಿಯಿತು. ಕಣ್ಣಿಗೂ ಮೂಗಿಗೂ ತೋರುವ ದೋಷಗಳು ಇವು; ತೋರದ ದೋಷವೂ ಒಂದುಂಟು. ಕಲ್ವವು ನೀರನ್ನು ಸೋಸಿ ಉಣ್ಣುವ ಪ್ರಾಣಿ. ಆದಕಾರಣ ನೀರಿನಲ್ಲಿ ಏನಿದೆಯೋ ಅದು ಅದರ ಒಡಲಿನಲ್ಲಿ ಸಂಚಯವಾಗುತ್ತದೆ. ಬೆಚ್ಚಗಿನ ಅಳಿವೆಗಳಲ್ಲಿ ಸಹಜವಾಗಿಯೇ ವಾಸಿಸುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಸೇರಿದ ಕಲ್ವಕ್ಕೂ ಸೇರದ ಕಲ್ವಕ್ಕೂ ರೂಪದಲ್ಲಿಯಾಗಲಿ ರುಚಿಯಲ್ಲಿಯಾಗಲಿ ಭೇದವಿಲ್ಲ. ಕೊಳಚೆ ಬೆರೆತ ನೀರಿನಲ್ಲಿರಿಸಿದ್ದ ಕಲ್ವದಿಂದ 1924ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ವಿಷಮಶೀತಜ್ವರ ಹರಡಿ ಸುಮಾರು 1,500 ಮಂದಿ ಹಾಸಿಗೆ ಹಿಡಿದರು, 150 ಮಂದಿ ಮಡಿದರು. ಅಮೆರಿಕದಲ್ಲಿ ಚಿಪ್ಪುಜೀವಿಗಳ ನೈರ್ಮಲ್ಯಕ್ಕೆ ಕಟ್ಟಳೆಗಳು ಏರ್ಪಟ್ಟದ್ದು ಅದರ ಮರುವರ್ಷ. ನಿಂಬೆರಸ ಹಿಂಡಿದರೆ, ಖಾರ ಸುರಿದರೆ, ಮದ್ಯದೊಡನೆ ನುಂಗಿದರೆ ರೋಗಾಣು ಸಾಯುವುದೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಬೆಂಕಿಯೊಂದೇ ಉಪಾಯ: ಕುದಿವ ನೀರಿನಲ್ಲಿ ಚಿಪ್ಪು ಬಾಯಿಬಿಟ್ಟ ಮೇಲೆಯೂ ಮೂರರಿಂದ ಐದು ನಿಮಿಷ ಬೇಯಬೇಕು, ಬೆಂದೂ ಬಾಯಿಬಿಡದುದನ್ನು ತಿನ್ನಬಾರದು. ತೆಂಗಿನತುರಿ, ಒಣಮೆಣಸು, ಜುಮ್ಮನಕಾಯಿಗಳೊಡನೆ ಕಲ್ವವನ್ನು ಬೇಯಿಸಿ ಸುಕ್ಕೆ ಮಾಡುವ ನಮ್ಮ ಕರಾವಳಿಯ ಪದ್ಧತಿಯು ರುಚಿಯಲ್ಲಿ ಯಾವ ಹಸಿ ಕಲ್ವಕ್ಕೂ ಕಡಿಮೆಯಲ್ಲವೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಬೆಂಕಿಗೂ ಬಗ್ಗದುದು ಒಂದಿದೆ. ಕೆಲವು ಸೂಕ್ಷ್ಮಪಾಚಿಗಳು ಕಡಲಿನಲ್ಲಿ ಹೆಚ್ಚಿದಾಗ ಅವುಗಳ ವಿಷವು ಚಿಪ್ಪುಜೀವಿಗಳಲ್ಲಿ ಶೇಖರವಾಗುತ್ತದೆ. 1983ರಲ್ಲಿ ಮಂಗಳೂರಿಗೆ ದಕ್ಷಿಣದ ಕುಂಬಳೆಯ ಅಳಿವೆಯ ಚಿಪ್ಪುಗಳನ್ನು ತಿಂದವರಲ್ಲಿ ಹುಡುಗನೊಬ್ಬನು ಅಸುನೀಗಿದುದು ಇದರಿಂದಲೇ. ನೀರಿನ ಬಣ್ಣ ಕೆಟ್ಟಿದೆಯೆಂದು ಆಯಾ ಊರಿನ ಮೀನುಗಾರರು ಹೇಳಿದ ದಿನ ಎಷ್ಟು ಅಗ್ಗವಾದರೂ ಕೊಳ್ಳಬಾರದು. ಯಾವ ಬಂಡೆಯದು, ಯಾವ ದಿನದ ಇಳಿತದಲ್ಲಿ ಕಿತ್ತುದು ಎಂದು ಮಾರುವವರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ಹಸಿಯಾಗಿಯೇ ಸವಿಯಬೇಕೆಂಬ ಹಂಬಲವುಳ್ಳ ಓದುಗರಲ್ಲಿ ನನ್ನದೊಂದು ಬಿನ್ನಹ. ಯಕೃತ್ತಿನ ರೋಗವುಳ್ಳವರಿಗೆ, ಮಧುಮೇಹಿಗಳಿಗೆ, ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಹಸಿ ಕಲ್ವವು ಪ್ರಾಣಾಂತಕವಾಗಬಹುದು. ಪಂಕ್ತಿಯಲ್ಲಿ ಕುಳಿತ ಅತಿಥಿಯು ತನ್ನ ಕಾಯಿಲೆಯನ್ನು ತಾನಾಗಿ ಹೇಳಿಕೊಳ್ಳುವುದಿಲ್ಲ. ತಟ್ಟೆಯನ್ನು ಮುಂದಿಡುವ ಮೊದಲು ದಯವಿಟ್ಟು ಕೇಳಿರಿ. ಉತ್ತರ ಸ್ಪಷ್ಟವಾಗದಿದ್ದರೆ ಒಲೆ ಹಚ್ಚಿರಿ.