ವಿದ್ಯುತ್ತಿನಿಂದ ಭೂಗರ್ಭಶೋಧನೆ: ಒಂದು ವಿಮರ್ಶೆ

ನೆಲವನ್ನು ಅಗೆಯದೆಯೇ ಅದರ ಒಡಲನ್ನು ಅರಿಯಬೇಕೆಂಬ ಆಸೆ ಬಹು ಹಳೆಯದು. ಈ ಆಸೆಗೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ, ಪ್ಯಾರಿಸಿನ ಗಣಿವಿದ್ಯಾಶಾಲೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಕಾನ್ರಾಡ್ ಷ್ಲುಂಬರ್ಜೆಯವರು ಮುಖ್ಯರು. ಅವರು 1912ರಲ್ಲಿ ನಾರ್ಮಂಡಿಯ ವಾಲ್-ರಿಷೆಯಲ್ಲಿ ನೆಲದೊಳಕ್ಕೆ ವಿದ್ಯುತ್ತನ್ನು ಹರಿಸಿ ಸಮವಿಭವರೇಖೆಗಳ ನಕ್ಷೆಯನ್ನು ಬರೆದರು. 1920ರಲ್ಲಿ ತಮ್ಮ ಶೋಧನಕ್ರಮವನ್ನು ಫ್ರೆಂಚ್ ಭಾಷೆಯಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1927ರಲ್ಲಿ ಇದೇ ತತ್ತ್ವವು ಆಲ್ಸೇಸಿನ ಪೆಷೆಲ್‌ಬ್ರಾನ್‌ನ ಎಣ್ಣೆಬಾವಿಯೊಳಕ್ಕೆ ಇಳಿಯಿತು.

ಕ್ರಮವು ಸರಳವಾದುದು. ಎರಡು ಸಲಾಕೆಗಳ ಮೂಲಕ ನೆಲಕ್ಕೆ ಪ್ರವಾಹವನ್ನು ಕೊಟ್ಟು, ಬೇರೆ ಎರಡರ ನಡುವಣ ವಿಭವಾಂತರವನ್ನು ಅಳೆಯುವರು. ಹೊರಗಿನ ಸಲಾಕೆಗಳ ಅಂತರವು ಹೆಚ್ಚಿದಂತೆಲ್ಲ ಆಳದ ಪದರಗಳ ಪ್ರಭಾವವೂ ಅಳತೆಯಲ್ಲಿ ಸೇರುವುದು. ಹೀಗೆ ದೊರೆಯುವ ಬೆಲೆಯೇ ‘ತೋರಿಕೆಯ ರೋಧಶೀಲತೆ’.

ಈ ಕ್ರಮವನ್ನು ಹೊಗಳುವವರು ಇದನ್ನು ನೆಲದೊಳಗನ್ನು ಕಾಣುವ ಕಣ್ಣೆಂದು ವರ್ಣಿಸುವುದುಂಟು. ಈ ಉಪಮೆಯನ್ನು ನಾವು ಒಪ್ಪಲಾರೆವು. ಯಂತ್ರವು ಕಾಣುವುದಿಲ್ಲ, ಓದುತ್ತದೆ. ಓದಿಗೆ ಅರ್ಥವನ್ನು ಹೇಳಬೇಕಾದವನು ವ್ಯಾಖ್ಯಾನಕಾರನು. ಒದ್ದೆ ಜೇಡಿಯೂ ಉಪ್ಪುನೀರು ತುಂಬಿದ ಮರಳೂ ಸಮಾನವಾಗಿ ಅಲ್ಪರೋಧವನ್ನು ತೋರಬಲ್ಲವು. ಬಹಳ ಹೆಚ್ಚಿನ ರೋಧಶೀಲತೆಯುಳ್ಳ ಎರಡು ಪದರಗಳ ನಡುವೆ ಆಳದಲ್ಲಿ 10 ಓಮ್-ಮೀಟರಿನ 2 ಮೀಟರು ದಪ್ಪದ ಪದರವಿರಲಿ, 20 ಓಮ್-ಮೀಟರಿನ 4 ಮೀಟರು ದಪ್ಪದ ಪದರವಿರಲಿ, ಮೇಲೆ ದೊರೆಯುವ ವಕ್ರರೇಖೆಯು ಹೆಚ್ಚು ಕಡಿಮೆ ಒಂದೇ. ಏಕೆಂದರೆ ಅಲ್ಲಿ ನಿರ್ಣೀತವಾಗುವುದು ದಪ್ಪ ಮತ್ತು ರೋಧಶೀಲತೆಗಳ ಭಾಗಲಬ್ಧವು ಮಾತ್ರ. ಒಂದೇ ಪದ್ಯಕ್ಕೆ ಎರಡು ಅನ್ವಯಗಳು ಕೂಡುವಂತೆ ಒಂದೇ ರೇಖೆಗೆ ಎರಡು ನೆಲಗಳು ಕೂಡುವುವು. ಶ್ಲೇಷವು ಕಾವ್ಯಕ್ಕೆ ಅಲಂಕಾರ. ಶೋಧಕನಿಗೆ ಅದು ಸಂಕಟ.

ಆದುದರಿಂದ ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರು ‘ತೋರಿಕೆಯ’ ಎಂಬ ವಿಶೇಷಣವನ್ನು ಬಿಡತಕ್ಕದ್ದಲ್ಲ. ಅದಕ್ಕೆ ಪ್ರತಿಯಾಗಿ ‘ಆಭಾಸ’ ಎಂದು ಬರೆಯುವುದೂ ಸರಿಯಲ್ಲ. ಆ ಶಬ್ದದಲ್ಲಿ ಮಿಥ್ಯೆಯ ಧ್ವನಿಯಿದೆ. ಈ ಅಳತೆಯು ಸುಳ್ಳಲ್ಲ, ಅಪೂರ್ಣವಾದುದು.

ಇದು ಬರಿಯ ಶಬ್ದವಿಚಾರವೆಂದು ವಾಚಕರು ಎಣಿಸಬಾರದು. ನಮ್ಮ ಬಯಲುಸೀಮೆಯ ಕಗ್ಗಲ್ಲಿನಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಆಳದ ಕಿರಿದಾದ ಬಿರುಕು ಮೇಲಣ ಅಳತೆಗೆ ಸಿಕ್ಕದೆ ಹೋಗಬಹುದು. ಆ ಒಂದು ವಿಶೇಷಣವನ್ನು ನುಂಗಿ ‘ಇಲ್ಲಿ ನೀರಿದೆ’ ಎಂದು ಹೇಳಿದರೆ, ಸಾಲ ಮಾಡಿ ಕೊಳವೆಬಾವಿಯನ್ನು ಕೊರೆಯಿಸಿದ ರೈತನು ಆ ಲೋಪದ ಬೆಲೆಯನ್ನು ತೆರಬೇಕಾಗುವುದು. ನೆರೆಯ ಬಾವಿಗಳ ಸಾಕ್ಷ್ಯವನ್ನೂ ಶಿಲೆಯ ಪರಿಚಯವನ್ನೂ ಅಳತೆಯೊಡನೆ ಕೂಡಿಸಿ, ಸಂದೇಹವಿದ್ದಲ್ಲಿ ಸಂದೇಹವನ್ನೇ ಬರೆಯುವುದು ಶಾಸ್ತ್ರಜ್ಞನ ಧರ್ಮ. ಆ ಸಂದೇಹಕ್ಕೆ ನಿಷ್ಕೃಷ್ಟವಾದ ಮಾತನ್ನು ಒದಗಿಸುವುದು ಭಾಷಾಜ್ಞರಾದ ನಮ್ಮ ಕರ್ತವ್ಯ.