ದಿನದ ಲೆಕ್ಕದ ದಂಡ

2002ರಲ್ಲಿ ನೋಕಿಯಾ ನಿರ್ದೇಶಕ ಆನ್ಸಿ ವಾನ್‌ಯೋಕಿಗೆ ಹೆಲ್ಸಿಂಕಿಯಲ್ಲಿ ಬಿದ್ದ ದಂಡ 1,16,000 ಯೂರೋ. ಮಾಡಿದ ತಪ್ಪು, 50ರ ಮಿತಿಯಿದ್ದ ರಸ್ತೆಯಲ್ಲಿ ಬೈಕನ್ನು 75ರಲ್ಲಿ ಓಡಿಸಿದ್ದು. ಫಿನ್ಲೆಂಡಿನ ‘ದಿನದಂಡ’ ಹೊರಗಿನವರಿಗೆ ಗೊತ್ತಿರುವುದು ಇಂಥ ಸುದ್ದಿಗಳಿಂದಲೇ. ಸಿರಿವಂತನ ಜೇಬಿಗೆ ಕತ್ತರಿ ಬಿತ್ತೆಂಬ ಖುಷಿಯಲ್ಲಿ ಅದರ ಜಾಣ್ಮೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

1921ರಿಂದ ಜಾರಿಯಲ್ಲಿರುವ ಈ ಪದ್ಧತಿ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಕಲಸುವುದಿಲ್ಲ. ತಪ್ಪು ಎಷ್ಟು ದೊಡ್ಡದು? ಅದಕ್ಕೆ ಇಷ್ಟು ದಿನ. ಒಂದು ದಿನದ ಬೆಲೆ ಎಷ್ಟು? ಅದನ್ನು ಹೇಳುವುದು ತಪ್ಪಿತಸ್ಥನ ಸಂಪಾದನೆ. ಬಹುಕಾಲ ನಡೆದುಬಂದ ಲೆಕ್ಕ ಹೀಗೆ: ತೆರಿಗೆ ಕಳೆದು ಕೈಗೆ ಬರುವ ತಿಂಗಳ ಹಣದಲ್ಲಿ ಹೊಟ್ಟೆಬಟ್ಟೆಗೆಂದು 255 ಯೂರೋ ಬಿಟ್ಟು, ಉಳಿದದ್ದನ್ನು 60ರಿಂದ ಭಾಗಿಸುವುದು. ಸಾಕಬೇಕಾದವರಿದ್ದರೆ ಇನ್ನೂ ಸ್ವಲ್ಪ ಇಳಿಕೆ. ತಿಂಗಳಿಗೆ 2,055 ಯೂರೋ ಬರುವವಳಿಗೆ ದಿನಕ್ಕೆ 30, 18,255 ಬರುವವನಿಗೆ 300. ಇಬ್ಬರದೂ ಹನ್ನೆರಡು ದಿನದ ತಪ್ಪೇ ಆದರೆ ಅವಳು 360 ಕಟ್ಟುತ್ತಾಳೆ, ಅವನು 3,600. ಅವನಿಗೂ 360 ಅಂದಿದ್ದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸೂತ್ರವೊಂದಿದ್ದರೆ ಸಾಲದು. ಇಂಗ್ಲೆಂಡ್ 1992ರ ಅಕ್ಟೋಬರಿನಲ್ಲಿ ಇಂಥದೇ ಪದ್ಧತಿ ತಂದು ಮರುವರ್ಷವೇ ಕೈಬಿಟ್ಟಿತು. ಚಿಪ್ಸ್ ಪೊಟ್ಟಣ ಬೀದಿಗೆಸೆದವನೊಬ್ಬನಿಗೆ 1,200 ಪೌಂಡ್ ದಂಡ ಬಿತ್ತೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ಅಸಲಿಗೆ ಅವನು ಆದಾಯದ ವಿವರವನ್ನೇ ಕೊಟ್ಟಿರಲಿಲ್ಲ. ಕೊಡದವನನ್ನು ಸಿರಿವಂತನೆಂದೇ ಎಣಿಸಿ ಗರಿಷ್ಠ ದರ ಹಾಕಿದ್ದರು. ಫಿನ್ಲೆಂಡಿನ ಪೊಲೀಸರಿಗಾದರೋ ತೆರಿಗೆ ಇಲಾಖೆಯ ಲೆಕ್ಕ ನಿಂತಲ್ಲೇ ಸಿಗುತ್ತದೆ. ದಿನದಂಡ ನಿಂತಿರುವುದು ಸಮಾನತೆಯ ಮೇಲೆ ಅನ್ನುವವರು ಅನ್ನಲಿ, ನನಗೆ ಕಾಣುವುದು ಆ ಕಡತ.

ಕಡತಕ್ಕೂ ಕುಂದುಂಟು. ವಾನ್‌ಯೋಕಿಯ ದಂಡವನ್ನು ಹಳೆಯ ವರ್ಷದ ಷೇರು ಗಳಿಕೆಯ ಮೇಲೆ ಲೆಕ್ಕ ಹಾಕಿದ್ದರು. ಮೇಲ್ಮನವಿಯಲ್ಲಿ ಅದು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಇಳಿಯಿತು. ಷೇರು ಮಾರಿದ ವರ್ಷ ಸಿಕ್ಕಿಬಿದ್ದರೆ ಒಂದು ದಂಡ, ಮಾರದ ವರ್ಷ ಇನ್ನೊಂದು. ಮನುಷ್ಯ ಅವನೇ, ಐಶ್ವರ್ಯವೂ ಅದೇ.

ಇನ್ನು, ವೇಗಮಿತಿಯನ್ನು 20 ಕಿಲೋಮೀಟರಿನವರೆಗೆ ಮೀರಿದವರು ದಿನದಂಡದ ಅಂಗಳಕ್ಕೇ ಬರುವುದಿಲ್ಲ. ಅವರಿಗೆ ನಿಗದಿತ ಮೊತ್ತ. ಇವತ್ತಿನ ನಿಯಮದಲ್ಲಿ ಅದೇ 50ರ ರಸ್ತೆಯಲ್ಲಿ 69ರಲ್ಲಿ ಹೋದರೆ, ಕೋಟ್ಯಧೀಶನೂ ಅವನ ಕಚೇರಿಯ ಕಸ ಗುಡಿಸುವವಳೂ ಒಂದೇ ಮೊತ್ತ ಕಟ್ಟುತ್ತಾರೆ.